ಕಾಕ್‌ಪಿಟ್ಟಿನಲ್ಲಿ ಎ, ಬಿ, ಸಿ, ಡಿ ಇರೋದಿಲ್ಲ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. "ಬರೆಯೋದು ಬಿಟ್ಟೇ ಬಿಟ್ರಾ?" ಅಂತ ಇಬ್ಬರು ಮೂವರು ಮೇಲ್ ಮಾಡಿ ಕೇಳಿದ್ದೀರಿ. ಬಿಟ್ಟಿಲ್ಲ ಮಾರಾಯ್ರೆ, ಓದ್ತಾ ಇದ್ದೀನಿ. ಪಿಯುಸಿ ಆದಮೇಲೆ ಇಷ್ಟೊಂದು ಓದಿದ್ದು ಇದೇ ಮೊದಲು.

ಸಾಫ್ಟ್‌ವೇರ್ ಕೆಲಸ ಬಿಟ್ಟು ಪೈಲಟ್ ಆಗ್ತೀನಿ ಅಂತ ಹೊರಟ ಕಥೆ ಹಳೆಯ ಓದುಗರಿಗೆ ಗೊತ್ತಿದೆ. ಊರಿಗೆ ಹೋದಾಗಲೆಲ್ಲ "ಏನಪ್ಪಾ, ವಿಮಾನ ಹಾರಿಸ್ತೀಯಾ?" ಅಂತ ಕೇಳ್ತಾರೆ. ಸತ್ಯ ಹೇಳಬೇಕೆಂದರೆ ಸದ್ಯಕ್ಕೆ ಹಾರಿಸುತ್ತಿರುವುದು ಪುಸ್ತಕದ ಹಾಳೆಗಳನ್ನ ಮಾತ್ರ :) ಯಲಹಂಕದ ಒಂದು ಪಿಜಿ ರೂಮಿನಲ್ಲಿ ಫ್ಯಾನಿನ ಕೆಳಗೆ ಕೂತು ಮೋಡ, ಗಾಳಿ, ದಿಕ್ಸೂಚಿ, ಕಾನೂನು, ಎಂಜಿನ್ನು ಎಲ್ಲವನ್ನೂ ಓದುತ್ತಿದ್ದೇನೆ.

ಇವತ್ತು ಬರೆಯಬೇಕು ಅನ್ನಿಸಿದ್ದು ಈ ಓದಿನ ಬಗ್ಗೆಯೇ. ನಿರ್ದಿಷ್ಟವಾಗಿ ಹೇಳಬೇಕೆಂದರೆ, ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಪೂಜೆ ಮಾಡುವ ಕ್ವೆಶ್ಚನ್ ಬ್ಯಾಂಕ್ ಬಗ್ಗೆ. ಇದು ವಿಮಾನಕ್ಕೆ ಮಾತ್ರ ಸಂಬಂಧಿಸಿದ ವಿಷಯ ಅಂತ ಪುಟ ಮುಚ್ಚಬೇಡಿ. ಎಸ್ಸೆಸ್ಸೆಲ್ಸಿ ಗೈಡು ಓದಿ ಪಾಸಾದ ನಮಗೆಲ್ಲ ಸಂಬಂಧಿಸಿದ್ದು.

ಮೊದಲು ಪರೀಕ್ಷೆ ಏನು ಅಂತ ಹೇಳಿಬಿಡ್ತೀನಿ. ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕಾದರೆ 200 ಗಂಟೆ ಹಾರಿದರೆ ಸಾಲದು, ಡಿಜಿಸಿಎ ನಡೆಸುವ ಥಿಯರಿ ಪರೀಕ್ಷೆಗಳನ್ನೂ ಪಾಸು ಮಾಡಬೇಕು. ಏರ್ ರೆಗ್ಯುಲೇಶನ್, ನ್ಯಾವಿಗೇಶನ್, ಮೀಟಿಯರಾಲಜಿ, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್. ಜೊತೆಗೆ ರೇಡಿಯೋದಲ್ಲಿ ಮಾತಾಡಲು ಆರ್‌ಟಿಆರ್ ಅಂತ ಇನ್ನೊಂದು. ಡಿಜಿಸಿಎ ಪತ್ರಿಕೆಗಳಲ್ಲಿ ನೂರಕ್ಕೆ 70 ಬರಲೇಬೇಕು. ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದನ್ನು ಆರಿಸಬೇಕು. ಅಷ್ಟೇ.

ಎಲ್ಲಿ ನಾಲ್ಕರಲ್ಲೊಂದು ಆರಿಸುವ ಪರೀಕ್ಷೆ ಇರುತ್ತೋ ಅಲ್ಲಿ ಕ್ವೆಶ್ಚನ್ ಬ್ಯಾಂಕ್ ಹುಟ್ಟುತ್ತೆ. ಪುಸ್ತಕದಂಗಡಿಯಲ್ಲಿ ಸಿಗುವ ಬ್ಯಾಂಕು, ದುಡ್ಡು ಕೊಟ್ಟು ಹಾಕಿಕೊಳ್ಳುವ ಆಪ್ ಬ್ಯಾಂಕು, ಪರೀಕ್ಷೆ ಬರೆದು ಹೊರಗೆ ಬಂದವರು ನೆನಪಿನಿಂದ ಬರೆದು ಟೆಲಿಗ್ರಾಮಿನಲ್ಲಿ ಹಂಚುವ ಬ್ಯಾಂಕು... ಊರಲ್ಲಿರುವ ಸಹಕಾರಿ ಬ್ಯಾಂಕುಗಳಿಗಿಂತ ಹೆಚ್ಚು. ಯುರೋಪಿನಲ್ಲೂ ಹೀಗೇ. ಅಲ್ಲಿ ಏರ್‌ಲೈನ್ ಪೈಲಟ್ ಆಗಲು 13 ಪತ್ರಿಕೆ ಬರೆಯಬೇಕು, ಪಾಸಾಗಲು 75 ಅಂಕ. ಅಲ್ಲಿನ ಹುಡುಗರೂ ಸಾವಿರಾರು ಪ್ರಶ್ನೆಗಳ ಬ್ಯಾಂಕಿಗೆ ಚಂದಾ ಕಟ್ಟಿ ರಾತ್ರಿ ಹಗಲು ಅದನ್ನೇ ಅರೆಯುತ್ತಾರೆ.

ಹಾಗಂತ ನಾನು ಕ್ವೆಶ್ಚನ್ ಬ್ಯಾಂಕ್ ವಿರೋಧಿ ಅಲ್ಲ. ನನ್ನ ಮೇಜಿನ ಮೇಲೂ ಎರಡಿವೆ. ಅದನ್ನು ಬಳಸುವವರೆಲ್ಲ ಸೋಮಾರಿಗಳು ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತೆ. ಈ ಕೋರ್ಸಿಗೆ ಬರುವವರಲ್ಲಿ ಎಷ್ಟೋ ಜನ ಮನೆ ಅಡವಿಟ್ಟು, ಅಪ್ಪನ ಪಿಎಫ್ ತೆಗೆಸಿ ಬಂದವರು. ಒಂದು ಪತ್ರಿಕೆ ಹೋಯಿತು ಅಂದರೆ ಮುಂದಿನ ಪರೀಕ್ಷೆಯವರೆಗೆ ಪಿಜಿ ಬಾಡಿಗೆ, ಊಟ, ಸಾಲದ ಬಡ್ಡಿ ಎಲ್ಲ ಓಡುತ್ತಲೇ ಇರುತ್ತವೆ. ಅಂಥವನಿಗೆ "ಮಗೂ, ಜ್ಞಾನಕ್ಕಾಗಿ ಓದು" ಅಂತ ಉಪದೇಶ ಮಾಡುವುದು ಸುಲಭ. ಬಡ್ಡಿ ಕಟ್ಟುವವರು ಯಾರು?

ಬ್ಯಾಂಕಿನಿಂದ ನಿಜವಾದ ಉಪಯೋಗವೂ ಇದೆ. ದಪ್ಪ ಪುಸ್ತಕದ ಅಧ್ಯಾಯ ಓದಿ ಮುಚ್ಚಿದಾಗ ಎಲ್ಲ ಗೊತ್ತಾಯ್ತು ಅನ್ನಿಸುತ್ತೆ. ಹತ್ತು ಪ್ರಶ್ನೆ ಎದುರಿಗಿಟ್ಟರೆ ಗಾಳಿ ಇಳಿದು ಹೋಗುತ್ತೆ. ಎಲ್ಲಿ ತೂತಿದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನನ್ನ ತಕರಾರು ಬ್ಯಾಂಕಿನ ಮೇಲಲ್ಲ, ಪುಸ್ತಕದ ಜಾಗದಲ್ಲಿ ಬ್ಯಾಂಕನ್ನು ಕೂರಿಸುವುದರ ಮೇಲೆ.

ನಾನು ಕೆಲವು ದಿನ ಹೋಗಿ ಬಿಟ್ಟ ಒಂದು ಕೋಚಿಂಗ್ ಸೆಂಟರಿನಲ್ಲಿ (ಹೆಸರು ಬೇಡ) ಮೊದಲ ವಾರವೇ ಹೇಳಿದ್ದು: "ಕಾನ್ಸೆಪ್ಟು ಗೀನ್ಸೆಪ್ಟು ಆಮೇಲೆ ನೋಡ್ಕೊಳ್ಳಿ, ಬ್ಯಾಂಕನ್ನ ಐದು ಸಲ ಮುಗಿಸಿ, ಪಾಸು ಗ್ಯಾರಂಟಿ." ಆ 'ಆಮೇಲೆ' ಯಾವಾಗ ಬರುತ್ತೆ ಅಂತ ಯಾರೂ ಕೇಳಲಿಲ್ಲ.

ನನ್ನ ರೂಮ್‌ಮೇಟ್ ಒಬ್ಬನಿದ್ದಾನೆ. ಒಳ್ಳೆಯ ಹುಡುಗ, ನನಗಿಂತ ಚುರುಕು. ಬ್ಯಾಂಕನ್ನು ಆರು ಸಲ ಮುಗಿಸಿದ್ದಾನೆ. ಪ್ರಶ್ನೆಯ ಮೊದಲ ನಾಲ್ಕು ಪದ ಓದಿದರೆ ಸಾಕು, "ಸಿ!" ಅಂತಾನೆ. ಸರಿಯಾಗಿಯೂ ಇರುತ್ತೆ. ಒಂದು ದಿನ ತಮಾಷೆಗೆ ನ್ಯಾವಿಗೇಶನ್ ಪ್ರಶ್ನೆಯೊಂದರ ಅಂಕಿಗಳನ್ನು ಬದಲಾಯಿಸಿ ಕೊಟ್ಟೆ.

ಮೂಲ ಪ್ರಶ್ನೆ ಇಷ್ಟು. ಹೋಗಬೇಕಾದ ದೂರ 100 ನಾಟಿಕಲ್ ಮೈಲಿ. 40 ಮೈಲಿ ಹೋದ ಮೇಲೆ ನೋಡಿದರೆ ದಾರಿಯಿಂದ 4 ಮೈಲಿ ಬಲಕ್ಕೆ ಸರಿದಿದ್ದೀರಿ. ನೇರ ಗುರಿಗೆ ಹೋಗಲು ಎಷ್ಟು ಡಿಗ್ರಿ ತಿರುಗಬೇಕು? ಇದಕ್ಕೆ ಒಂದು ಸೊಗಸಾದ ನಿಯಮ ಇದೆ. 60 ಮೈಲಿಯಲ್ಲಿ 1 ಮೈಲಿ ಪಕ್ಕಕ್ಕೆ ಸರಿದರೆ ಅದು ಹೆಚ್ಚು ಕಡಿಮೆ 1 ಡಿಗ್ರಿ. ಹಾಗಾದರೆ 40ಕ್ಕೆ 4 ಅಂದರೆ 6 ಡಿಗ್ರಿ ತಪ್ಪಿದ್ದೀರಿ. ಉಳಿದ 60 ಮೈಲಿಯಲ್ಲಿ ಆ 4 ಮೈಲಿ ವಾಪಸು ಬರಬೇಕು, ಅದಕ್ಕೆ 4 ಡಿಗ್ರಿ. ಒಟ್ಟು 10 ಡಿಗ್ರಿ ಎಡಕ್ಕೆ. ಮೊದಲ 6 ಡಿಗ್ರಿ ತಿರುಗಿದರೆ ದಾರಿಗೆ ಸಮಾನಾಂತರವಾಗಿ ಹೋಗುತ್ತೀರಿ ಅಷ್ಟೇ, ಗುರಿ ಸಿಗುವುದು ಆಮೇಲಿನ 4 ಸೇರಿಸಿದಾಗ. ಚಿತ್ರ ಬರೆದು ನೋಡಿದರೆ ಏಳನೇ ಕ್ಲಾಸಿನ ಹುಡುಗನಿಗೂ ಅರ್ಥ ಆಗುತ್ತೆ.

ನಾನು ಬದಲಾಯಿಸಿದ್ದು ಇಷ್ಟೇ: 30 ಮೈಲಿ ಹೋಗಿದ್ದೀರಿ, 4 ಮೈಲಿ ಬಲಕ್ಕೆ ಸರಿದಿದ್ದೀರಿ, ಇನ್ನೂ 80 ಮೈಲಿ ಬಾಕಿ. ಉತ್ತರ 8 ಮತ್ತು 3 ಸೇರಿ 11 ಡಿಗ್ರಿ. ಆಯ್ಕೆಗಳಲ್ಲಿ 10 ಕೂಡ ಇಟ್ಟಿದ್ದೆ. ಅವನು ಕಣ್ಣು ಮುಚ್ಚಿ ಹತ್ತನ್ನು ಆರಿಸಿದ. "ಯಾಕೆ ಹತ್ತು?" ಅಂದೆ. "ಇದು ಹತ್ತರದ್ದೇ ಪ್ರಶ್ನೆ ಕಣೋ" ಅಂದ!

ಇದು ಹತ್ತರದ್ದೇ ಪ್ರಶ್ನೆ. ಈ ಮಾತಿನಲ್ಲಿ ಇಡೀ ರೋಗ ಇದೆ. ಅವನ ತಲೆಯಲ್ಲಿ ಇರುವುದು ವಿಮಾನ, ಗಾಳಿ, ತಪ್ಪಿದ ದಾರಿ ಅಲ್ಲ. ಒಂದು ವಾಕ್ಯದ ಮುಖ, ಅದರ ಪಕ್ಕ ಒಂದು ಅಕ್ಷರ. ಮದುವೆ ಮನೆಯಲ್ಲಿ ಎದುರಾದವರ ಮುಖ ಗುರುತು ಸಿಕ್ಕಿ ನಗುತ್ತೇವಲ್ಲ, ಹೆಸರು ಕೇಳಿದರೆ ಬಾಯಿ ಬರಲ್ಲ, ಹಾಗೆ. ಗುರುತು ಹಿಡಿಯುವುದು ಬೇರೆ, ನೆನಪಿನಿಂದ ತೆಗೆಯುವುದು ಬೇರೆ. ಬ್ಯಾಂಕು ಮೊದಲನೆಯದನ್ನು ಕಲಿಸುತ್ತೆ. ವಿಮಾನ ಕೇಳುವುದು ಎರಡನೆಯದನ್ನು. ಕಾಕ್‌ಪಿಟ್ಟಿನಲ್ಲಿ ಯಾರೂ ಎ, ಬಿ, ಸಿ, ಡಿ ತಂದು ಮುಂದಿಡುವುದಿಲ್ಲ. ಪ್ರಶ್ನೆ ಏನು ಅಂತಲೂ ಹೇಳುವುದಿಲ್ಲ. ಒಂದು ಮುಳ್ಳು ತಪ್ಪಾಗಿ ಅಲ್ಲಾಡುತ್ತೆ ಅಷ್ಟೇ. ಪ್ರಶ್ನೆಯನ್ನೂ ನೀವೇ ಮಾಡಿಕೊಳ್ಳಬೇಕು.

ಇನ್ನೊಂದು ತೊಂದರೆ ಇದೆ. ನೆನಪಿನಿಂದ ಬರೆದ ಪ್ರಶ್ನೆಗಳಲ್ಲಿ ಎಷ್ಟೋ ಅರ್ಧಂಬರ್ಧ. ಯಾರೋ ತಪ್ಪು ಗುರುತು ಹಾಕಿರುತ್ತಾರೆ, ಅದು ಹತ್ತು ಗ್ರೂಪಿಗೆ ಹೋಗಿ ವೇದವಾಕ್ಯ ಆಗುತ್ತೆ. ನಮ್ಮ ಹುಡುಗರ ಬಾಯಲ್ಲಿ ಈಗ ಎರಡು ಬಗೆಯ ಉತ್ತರಗಳಿವೆ. "ನಿಜವಾದ ಉತ್ತರ ಬಿ, ಆದರೆ ಪರೀಕ್ಷೆಗೆ ಡಿ ಹಾಕು." ವಿಮಾನ ಹಾರುವುದು ಯಾವ ಉತ್ತರದ ಪ್ರಕಾರ ಸ್ವಾಮಿ?

ಇಲ್ಲಿ ಇಬ್ಬರು ನನ್ನನ್ನು ತಡೆಯುತ್ತಾರೆ ಅಂತ ಗೊತ್ತು.

ಮೊದಲನೆಯವರು ಹೇಳೋದು: "ಬಾಯಿಪಾಠ ಅಂದ್ರೆ ಯಾಕಿಷ್ಟು ತಾತ್ಸಾರ? ಪೈಲಟ್‌ಗಳೂ ಬಾಯಿಪಾಠ ಮಾಡ್ತಾರಲ್ಲ?" ಖಂಡಿತ ಮಾಡುತ್ತಾರೆ, ಮಾಡಲೇಬೇಕು. ಮೇಲೆ ಹಾರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ದಿಢೀರ್ ಇಳಿದರೆ ಮೊದಲು ಆಕ್ಸಿಜನ್ ಮಾಸ್ಕ್ ಹಾಕಿಕೊಳ್ಳಬೇಕು. ಪುಸ್ತಕ ತೆಗೆದು ಪುಟ ಹುಡುಕಲು ಸಮಯ ಇರಲ್ಲ. ಇಂಥವನ್ನು ಮೆಮರಿ ಐಟಂ ಅಂತಾರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ನಾವು ಮಗ್ಗಿ ಕಲಿತದ್ದೂ ಹೀಗೇ ಅಲ್ಲವೆ? ಬಾಯಿಪಾಠಕ್ಕೆ ನಾನು ಕೈ ಮುಗೀತೀನಿ. ಆದರೆ ಮಗ್ಗಿ ಬಾಯಿಪಾಠ ಮಾಡಿದವನು ಯಾವ ಲೆಕ್ಕಕ್ಕೂ ಅದನ್ನು ಬಳಸಬಲ್ಲ. "412ನೇ ಪ್ರಶ್ನೆಗೆ ಸಿ" ಅಂತ ಬಾಯಿಪಾಠ ಮಾಡಿದವನು ಅದನ್ನು 412ನೇ ಪ್ರಶ್ನೆಗೆ ಬಿಟ್ಟರೆ ಬೇರೆಲ್ಲೂ ಬಳಸಲಾರ.

ಎರಡನೆಯವರು ಹೇಳೋದು: "ಥಿಯರಿ ಎಲ್ಲ ಶಾಸ್ತ್ರಕ್ಕೆ. ಹಾರಾಟ ಕಲಿಯೋದು ವಿಮಾನದಲ್ಲಿ." ಇದು ಅರ್ಧ ಸತ್ಯ. ಉಳಿದರ್ಧಕ್ಕೆ ನಮ್ಮೂರಿನದೇ ಉದಾಹರಣೆ ಕೊಡ್ತೀನಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಲೆಕ್ಕದ ಪುಸ್ತಕದ ಪ್ರಕಾರ ಸಮುದ್ರಮಟ್ಟದಲ್ಲಿ 15 ಡಿಗ್ರಿ ಉಷ್ಣತೆ, ಸಾವಿರ ಅಡಿಗೆ 2 ಡಿಗ್ರಿಯಂತೆ ಇಳಿದು ಇಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 34 ಇದೆ ಅನ್ನಿ. 25 ಡಿಗ್ರಿ ಹೆಚ್ಚು. ಒಂದೊಂದು ಡಿಗ್ರಿಗೆ ಸುಮಾರು 120 ಅಡಿ ಕೂಡಿಸಿದರೆ ಮತ್ತೆ 3000 ಅಡಿ. ಅಂದರೆ ಆ ಮಧ್ಯಾಹ್ನ ಜಕ್ಕೂರಿನ ರನ್‌ವೇ ಮೇಲೆ ನಿಂತಿರುವ ಪುಟ್ಟ ಸೆಸ್ನಾದ ರೆಕ್ಕೆಗೆ, ಎಂಜಿನ್ನಿಗೆ, ಪ್ರೊಪೆಲ್ಲರಿಗೆ ತಾನು 6000 ಅಡಿ ಎತ್ತರದಲ್ಲಿ ಇದ್ದೇನೆ ಅನ್ನಿಸುತ್ತಿರುತ್ತೆ. ಗಾಳಿ ತೆಳು. ನೆಲ ಬಿಡಲು ಹೆಚ್ಚು ದೂರ ಓಡಬೇಕು, ಬಿಟ್ಟ ಮೇಲೂ ಏದುಸಿರು ಬಿಡುತ್ತಾ ಏರುತ್ತೆ. ಡಿಸೆಂಬರಿನ ಬೆಳಗ್ಗೆ ಕಲಿತವನು ಏಪ್ರಿಲ್ ಮಧ್ಯಾಹ್ನ ಅದೇ ಅಭ್ಯಾಸದಲ್ಲಿ ಹೊರಟರೆ ರನ್‌ವೇ ಕೊನೆ ಬೇಗ ಬಂದುಬಿಡುತ್ತೆ. ಬ್ಯಾಂಕಿನಲ್ಲಿ ಇದೇ ಪ್ರಶ್ನೆ "ಉಷ್ಣತೆ ಹೆಚ್ಚಿದರೆ ಡೆನ್ಸಿಟಿ ಆಲ್ಟಿಟ್ಯೂಡ್ ಏನಾಗುತ್ತದೆ?" ಅಂತ ಒಂದೇ ಸಾಲಿನಲ್ಲಿದೆ. ಉತ್ತರ "ಹೆಚ್ಚುತ್ತದೆ". ಒಂದು ಅಂಕ. ಮುಂದಿನ ಪ್ರಶ್ನೆ. ಆ ಸಾಲಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ಸಂಬಂಧ ಜೋಡಿಸುವುದು ಥಿಯರಿ, ಅದು ತಾನಾಗಿ ಆಗಲ್ಲ.

ಇನ್ನೊಂದು ಪ್ರಶ್ನೆ ಪೈಲಟ್ ಆಗಲು ಓದುವವರೆಲ್ಲರ ಬ್ಯಾಂಕಿನಲ್ಲೂ ಇರುತ್ತೆ. "ಪಿಟೋ ಟ್ಯೂಬ್ ಪೂರ್ತಿ ಕಟ್ಟಿಕೊಂಡಿದೆ, ವಿಮಾನ ಮೇಲಕ್ಕೆ ಏರುತ್ತಿದೆ, ವೇಗದ ಮೀಟರು ಏನು ತೋರಿಸುತ್ತದೆ?" ಪಿಟೋ ಅಂದರೆ ಎದುರುಗಾಳಿಯ ಒತ್ತಡ ಅಳೆಯುವ ಸಣ್ಣ ಕೊಳವೆ. ಅದರ ಒತ್ತಡದಿಂದ ಹೊರಗಿನ ನಿಶ್ಚಲ ಗಾಳಿಯ ಒತ್ತಡ ಕಳೆದರೆ ವೇಗ ಸಿಗುತ್ತೆ. ಕೊಳವೆ ಕಟ್ಟಿಕೊಂಡರೆ ಒಳಗೆ ಸಿಕ್ಕಿಕೊಂಡ ಒತ್ತಡ ಹಾಗೇ ಉಳಿಯುತ್ತೆ. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿಯುತ್ತೆ. ವ್ಯತ್ಯಾಸ ಹೆಚ್ಚುತ್ತೆ. ಹಾಗಾಗಿ ವೇಗ ಹೆಚ್ಚಾಗದಿದ್ದರೂ ಮೀಟರು ಹೆಚ್ಚು ಹೆಚ್ಚು ತೋರಿಸುತ್ತಾ ಹೋಗುತ್ತೆ. ನನ್ನ ರೂಮ್‌ಮೇಟ್ ಇದಕ್ಕೆ ಅರ್ಧ ಸೆಕೆಂಡಿನಲ್ಲಿ ಉತ್ತರ ಹೇಳುತ್ತಾನೆ.

1974ರ ಡಿಸೆಂಬರ್ 1ರಂದು ನ್ಯೂಯಾರ್ಕಿನಿಂದ ಹೊರಟ ನಾರ್ತ್‌ವೆಸ್ಟ್ ಕಂಪೆನಿಯ ಬೋಯಿಂಗ್ 727 ಒಂದರಲ್ಲಿ ನಡೆದದ್ದು ಅಕ್ಷರಶಃ ಇದೇ ಪ್ರಶ್ನೆ. ಪ್ರಯಾಣಿಕರು ಇರಲಿಲ್ಲ, ಮೂವರು ಸಿಬ್ಬಂದಿ ಮಾತ್ರ. ಪಿಟೋ ಬಿಸಿ ಮಾಡುವ ಸ್ವಿಚ್ ಹಾಕಿರಲಿಲ್ಲ, ಕೊಳವೆಯಲ್ಲಿ ಮಂಜು ಕಟ್ಟಿತು. ವಿಮಾನ ಏರಿದಂತೆ ಮೀಟರಿನಲ್ಲಿ ವೇಗ ಏರಿತು. ವೇಗ ಜಾಸ್ತಿಯಾಯ್ತು ಅಂತ ಅವರು ಮೂತಿ ಇನ್ನೂ ಮೇಲೆತ್ತಿದರು. ನಿಜವಾದ ವೇಗ ಕುಸಿಯುತ್ತಿತ್ತು. ಸ್ಟಾಲ್ ಎಚ್ಚರಿಕೆ ಬಂದಾಗಲೂ ಅದು ಅತಿವೇಗದ ನಡುಕ ಅಂದುಕೊಂಡರು. ಮೂವರೂ ಹೋದರು. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಿಂದ ಹೊರಟ ಬಿರ್ಗೆನ್ ಏರ್‌ನ ಬೋಯಿಂಗ್ 757ರಲ್ಲೂ ಪಿಟೋ ಕಟ್ಟಿಕೊಂಡಿತ್ತು. ಅದರೊಳಗೆ ಕಣಜ ಗೂಡು ಕಟ್ಟಿದ್ದಿರಬೇಕು ಅನ್ನುವುದು ತನಿಖೆಯ ಊಹೆ. 189 ಜನ ಹೋದರು. 2009ರ ಮೇ 31ರಂದು ರಿಯೋದಿಂದ ಪ್ಯಾರಿಸ್ಸಿಗೆ ಹೊರಟ ಏರ್ ಫ್ರಾನ್ಸ್ 447. ಮಂಜಿನ ಹರಳು ಪಿಟೋಗಳಿಗೆ ಅಡ್ಡ ಬಂದು ವೇಗದ ಲೆಕ್ಕ ತಪ್ಪಿತು, ಆಟೋಪೈಲಟ್ ಕೈಬಿಟ್ಟಿತು, ಮೂತಿ ಮೇಲೆತ್ತಿದ ವಿಮಾನ ಸ್ಟಾಲ್ ಆಯಿತು. ಆಟೋಪೈಲಟ್ ಕೈಬಿಟ್ಟ ನಾಲ್ಕೂವರೆ ನಿಮಿಷದೊಳಗೆ 228 ಜನ ಅಟ್ಲಾಂಟಿಕ್ ಪಾಲಾದರು.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ. ಆ ಪೈಲಟ್‌ಗಳು ಉರು ಹೊಡೆದು ಪಾಸಾದವರು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯ. ಕತ್ತಲು, ಗಾಬರಿ, ಒಂದಕ್ಕೊಂದು ವಿರುದ್ಧವಾಗಿ ಕಿರುಚುವ ಅಲಾರಂಗಳು, ತರಬೇತಿಯ ಕೊರತೆ, ವಿಮಾನದ ವಿನ್ಯಾಸ ಎಲ್ಲ ಸೇರಿ ಆಗುವ ದುರಂತಗಳು ಅವು. ನನ್ನ ಮಾತು ಬೇರೆ. ಅನುಭವಿಗಳಿಗೇ ಪುಸ್ತಕದ ಪಿಟೋ ಮತ್ತು ಎದುರಿಗಿರುವ ಪಿಟೋ ಒಂದೇ ಅಂತ ಆ ಹೊತ್ತಿನಲ್ಲಿ ಹೊಳೆಯಲಿಲ್ಲ ಅಂದರೆ, ಪಿಟೋ ಅಂದರೆ "ಬಿ" ಅಂತ ಮಾತ್ರ ಗೊತ್ತಿರುವ ನಮಗೆ ಹೊಳೆಯುತ್ತದೆಯೇ?

ಹಾಗಾದರೆ ತಪ್ಪು ಯಾರದ್ದು? ಹುಡುಗರದ್ದು ಮಾತ್ರ ಅಂತ ನಾನು ಒಪ್ಪಲ್ಲ. ಕೇಳಿದ್ದನ್ನೇ ಕೇಳಿದರೆ ಹೇಳಿದ್ದನ್ನೇ ಹೇಳುತ್ತಾರೆ. ಅದು ಜಾಣತನ. ಅಮೆರಿಕದ ಎಫ್‌ಎಎ ಒಂದು ಕಾಲದಲ್ಲಿ ತನ್ನ ಪರೀಕ್ಷೆಯ ಪ್ರಶ್ನೆಗಳನ್ನೆಲ್ಲ ತಾನೇ ಪ್ರಕಟಿಸುತ್ತಿತ್ತು. ಜನ ಉತ್ತರ ಉರು ಹೊಡೆಯುತ್ತಿದ್ದಾರೆ ಅಂತ ಆಮೇಲೆ ಅದನ್ನು ನಿಲ್ಲಿಸಿತು, ಈಗ ಮಾದರಿ ಪ್ರಶ್ನೆ ಮಾತ್ರ ಕೊಡುತ್ತೆ. ಯುರೋಪಿನವರು ಆಯ್ಕೆಯೇ ಇಲ್ಲದೆ ಉತ್ತರವನ್ನು ಟೈಪ್ ಮಾಡಬೇಕಾದ ಪ್ರಶ್ನೆಗಳನ್ನು ತಂದರು. ಜೊತೆಗೆ ಜ್ಞಾನ, ಕೌಶಲ, ಮನೋಭಾವ ಮೂರನ್ನೂ ತರಬೇತಿ ಶಾಲೆಯಲ್ಲೇ ಅಳೆಯುವ ವ್ಯವಸ್ಥೆ ಮಾಡಿದರು, ಅದರಲ್ಲಿ ಬಾಯಿಲೆಕ್ಕದ ಪರೀಕ್ಷೆಯೂ ಇದೆ. ಕ್ಯಾಲ್ಕುಲೇಟರ್ ಯುಗದಲ್ಲಿ ಬಾಯಿಲೆಕ್ಕ! ನಮ್ಮ ಪ್ರೈಮರಿ ಮೇಷ್ಟ್ರು ಕೇಳಿದ್ದರೆ ಎಷ್ಟು ಖುಷಿ ಪಡುತ್ತಿದ್ದರೋ.

ನಮ್ಮಲ್ಲೂ ದೊಡ್ಡ ಕ್ರಾಂತಿ ಬೇಡ. ಪ್ರಶ್ನೆ ಅದೇ ಇರಲಿ, ಕಂಪ್ಯೂಟರ್ ಪ್ರತಿಯೊಬ್ಬನಿಗೂ ಅಂಕಿ ಬದಲಾಯಿಸಿ ಕೊಡಲಿ. ಹತ್ತು ಪ್ರಶ್ನೆಗೆ ಆಯ್ಕೆ ಕೊಡದೆ ಉತ್ತರ ಬರೆಸಲಿ. ಕೊನೆಗೆ ಹದಿನೈದು ನಿಮಿಷ ಎದುರು ಕೂರಿಸಿ ಮಾತಾಡಿಸಲಿ. ಇದೇನು ನಮಗೆ ಹೊಸದಲ್ಲ. ಆರ್‌ಟಿಆರ್ ಪರೀಕ್ಷೆಯಲ್ಲಿ ಹಿಂದಿನಿಂದಲೂ ಬಾಯಿಬಿಟ್ಟು ಮಾತಾಡಬೇಕು. ಬ್ಯಾಂಕಿನ ಹುಲಿಗಳೆಲ್ಲ ಅದಕ್ಕೆ ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಹೆದರಿಕೆ ಯಾಕೆ ಅಂದರೆ ಅಲ್ಲಿ "ಸಿ" ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಇದೆಲ್ಲ ಆಗುವವರೆಗೆ? ಪರೀಕ್ಷೆ ಹೇಗಿದೆಯೋ ಹಾಗೆ ಬರೆಯಬೇಕು. ಬ್ಯಾಂಕನ್ನು ನಾನು ಹೀಗೆ ಬಳಸುತ್ತಿದ್ದೇನೆ, ಯಾರಿಗಾದರೂ ಉಪಯೋಗ ಆದರೆ ಆಗಲಿ ಅಂತ ಬರೀತೀನಿ. ಅಧ್ಯಾಯ ಓದಿ ಮುಗಿಸದೆ ಆ ಅಧ್ಯಾಯದ ಪ್ರಶ್ನೆ ತೆರೆಯುವುದಿಲ್ಲ. ತೆರೆದಾಗ ಆಯ್ಕೆಗಳ ಮೇಲೆ ಒಂದು ಕಾರ್ಡು ಮುಚ್ಚಿಟ್ಟು ಮೊದಲು ನನ್ನ ಉತ್ತರ ಬರೆಯುತ್ತೇನೆ, ಆಮೇಲೆ ಕಾರ್ಡು ತೆಗೆಯುತ್ತೇನೆ. ಉತ್ತರ ಸರಿ ಇದ್ದರೂ ಉಳಿದ ಮೂರು ಯಾಕೆ ತಪ್ಪು ಅಂತ ಒಂದೊಂದು ಮಾತು ಹೇಳಲು ಬರಬೇಕು, ಬರದಿದ್ದರೆ ಆ ಪ್ರಶ್ನೆ ಮುಗಿದಿಲ್ಲ ಅಂತ ಲೆಕ್ಕ. ಲೆಕ್ಕದ ಪ್ರಶ್ನೆಯಾದರೆ ಅಂಕಿ ಬದಲಾಯಿಸಿ ಇನ್ನೊಮ್ಮೆ ಮಾಡುತ್ತೇನೆ. ವಾರಕ್ಕೊಮ್ಮೆ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಕನ್ನಡದಲ್ಲಿ ಒಂದು ವಿಷಯ ವಿವರಿಸುತ್ತೇನೆ. ಹೋದ ವಾರ ಪಿಟೋ ಹೇಳಿದೆ. "ಅಂದ್ರೆ ಕುಕ್ಕರ್ ಸೀಟಿ ಕಟ್ಕೊಂಡ ಹಾಗೆ, ಒಳಗಿನ ಒತ್ತಡ ಒಳಗೇ ಉಳೀತು ಅನ್ನು" ಅಂದರು. ಯಾವ ಬ್ಯಾಂಕಿನಲ್ಲೂ ಈ ಹೋಲಿಕೆ ಇಲ್ಲ, ನನಗಿನ್ನು ಮರೆಯಲ್ಲ :)

ಹೀಗೆ ಓದಿದರೆ ನಿಧಾನ ಆಗುತ್ತೆ, ಸುಳ್ಳು ಹೇಳಲ್ಲ. ರೂಮ್‌ಮೇಟ್ ಒಂದು ದಿನದಲ್ಲಿ ಮುನ್ನೂರು ಪ್ರಶ್ನೆ ಮುಗಿಸಿದರೆ ನಾನು ನಲವತ್ತು. ಅವನು ನನಗಿಂತ ಮೊದಲೇ ಪಾಸಾದರೂ ಆಶ್ಚರ್ಯ ಇಲ್ಲ. ಆದರೆ ಪರೀಕ್ಷೆ ಪಾಸಾಗುವುದು ನನಗೆ ಮತ್ತು ಸಾಲ ಕೊಟ್ಟ ಬ್ಯಾಂಕಿಗೆ ಬೇಕಾದದ್ದು. ನಾಳೆ ಹಿಂದಿನ ಸೀಟಿನಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಕಿಟಕಿಯಾಚೆ ಮೋಡ ತೋರಿಸುತ್ತಿರುವವರಿಗೆ ಬೇಕಾದದ್ದು ಬೇರೆ. ಅವರು ಟಿಕೆಟ್ ಕೊಳ್ಳುವಾಗ ಪೈಲಟ್ಟಿಗೆ ಎಷ್ಟು ಅಂಕ ಬಂದಿತ್ತು ಅಂತ ಕೇಳುವುದಿಲ್ಲ. ಗೊತ್ತಿರುತ್ತದೆ ಅಂತ ನಂಬಿ ಹತ್ತುತ್ತಾರೆ.

ನಿಮ್ಮ ಕ್ಷೇತ್ರದಲ್ಲಿ ಹೇಗೆ? ನಿಮ್ಮಲ್ಲಿ ಡಾಕ್ಟರುಗಳಿದ್ದೀರಿ, ಮೇಷ್ಟ್ರುಗಳಿದ್ದೀರಿ, ಬ್ಯಾಂಕಿನವರೂ (ನಿಜವಾದ ಬ್ಯಾಂಕು) ಇದ್ದೀರಿ. ನಾಲ್ಕರಲ್ಲೊಂದು ಆರಿಸಿ ಒಳಗೆ ಬಂದ ಮೇಲೆ, ಆಯ್ಕೆಯೇ ಇಲ್ಲದ ಪ್ರಶ್ನೆ ಮೊದಲ ಸಲ ಎದುರಾದಾಗ ಏನು ಮಾಡಿದಿರಿ? ಬರೆದು ತಿಳಿಸಿ. ನ್ಯಾವಿಗೇಶನ್ ಪರೀಕ್ಷೆ ಮುಗಿದ ಮೇಲೆ ಮತ್ತೆ ಸಿಗೋಣ.